ನಾಲ್ಕು ಗಂಟೆಯ ನೀರು

“ಕಳ್ಳಿ... ನಡಿ ಆಚೆ. ನನ್ನ ಮನೆ ಬಿಟ್ಟು ನಡಿ.”

ಹಾಲಿನ ಲೋಟ ಹಾರಿ ಬಂದು ಸೊಸೆಯ ಹುಬ್ಬಿಗೆ ಬಡಿದು, ಗೋಡೆಗೆ ತಗುಲಿ, ಠಣಠಣ ಎನ್ನುತ್ತ ಮಂಚದ ಕೆಳಗೆ ಉರುಳಿಹೋಯಿತು. ಹಾಲು ಅವಳ ಮುಖದಿಂದ ಕತ್ತಿಗೆ, ಕತ್ತಿನಿಂದ ಎದೆಗೆ ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಲೋಟ ಬೀಸಿದ ಕೈಯನ್ನೇ ನೋಡುತ್ತ ನಿಂತುಬಿಟ್ಟಳು. ಮದುವೆಯಾದ ಹೊಸದರಲ್ಲಿ ದಿನಾ ಬೆಳಿಗ್ಗೆ ಅವಳ ತಲೆ ಬಾಚಿ ಕೆಲಸಕ್ಕೆ ಕಳಿಸುತ್ತಿದ್ದ ಕೈ ಅದು. ಹೋದ ಭಾನುವಾರ ಕೂಡ ಮನೆಯ ಟವೆಲುಗಳನ್ನೆಲ್ಲ ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟು, “ನೋಡೇ ಟೈಮಮ್ಮ, ನಿನ್ನ ಲಾಂಡ್ರಿಯವರಿಗೂ ಹೀಗೆ ಬರಲ್ಲ” ಎಂದು ಬೀಗಿದ್ದ ಅತ್ತೆ ಅವರು. ಇವತ್ತಿನ್ನೂ ಗುರುವಾರ. ನಾಲ್ಕೇ ದಿನದಲ್ಲಿ ಇದೇನಾಗಿಹೋಯಿತು!

“ನೋಡಿದೆಯಾ?” ಬಾಗಿಲಲ್ಲಿ ನಿಂತಿದ್ದ ದೊಡ್ಡ ನಾದಿನಿ ತಮ್ಮನ ಕಡೆ ತಿರುಗಿದರು. ಅವರು ಶಾಲೆಯ ಮುಖ್ಯೋಪಾಧ್ಯಾಯಿನಿ. ಮನೆಯಲ್ಲೂ ಬೀದಿಯಲ್ಲೂ ಹೆಡ್‌ಮೇಡಂ ಎಂದೇ ಹೆಸರು. ಕನ್ನಡಕದ ಮೇಲಿಂದ ನೋಡಿದರೆಂದರೆ ಎದುರಿಗಿದ್ದವರು ತಮ್ಮ ಉಗುರು ಕತ್ತರಿಸಿದೆಯೋ ಇಲ್ಲವೋ ಎಂದು ಒಮ್ಮೆ ನೋಡಿಕೊಳ್ಳಬೇಕು, ಅಂಥ ನೋಟ. “ಕಾಯಿಲೆ ಮುಂದಕ್ಕೆ ಹೋಯ್ತು, ಅಷ್ಟೇ. ಆರೈಕೆ ಕೇಂದ್ರದವರ ಹತ್ತಿರ ಮಾತಾಡಿದೀನಿ. ಶನಿವಾರ ಹನ್ನೊಂದಕ್ಕೆ ಗಾಡಿ ಬರುತ್ತೆ.”

“ಅಲ್ಲಿ ಮೂರನೇ ಮಹಡಿಗೆ ಹೊರಗಿನಿಂದ ಬೀಗ ಹಾಕ್ತಾರಂತೆ, ಅತ್ತಿಗೆ. ಮೂರು ತಿಂಗಳು ಮನೆಯವರು ಹೋಗಿ ನೋಡೋಹಾಗೂ ಇಲ್ಲವಂತೆ...”

“ನೋಡಿ ಏನು ಮಾಡ್ತೀಯ? ನೀನು ಯಾರು ಅಂತಲೇ ಅವಳಿಗೆ ಗೊತ್ತಿಲ್ಲ. ಮುಖಕ್ಕೆ ಹಾಲು ಬಿದ್ದಮೇಲೂ ಅರ್ಥ ಆಗಲಿಲ್ವಾ?”

ಸೊಸೆ ಗಂಡನ ಮುಖ ನೋಡಿದಳು. ಅವನು ಲಿಫ್ಟ್ ಮೆಕ್ಯಾನಿಕ್. ಊರಿನ ಎಷ್ಟೋ ಲಿಫ್ಟುಗಳನ್ನು ಕೆಟ್ಟಲ್ಲಿಂದ ಎತ್ತಿ ಓಡಿಸಿದ ಗಟ್ಟಿಗ, ಅಕ್ಕನ ಮತ್ತು ಹೆಂಡತಿಯ ನಡುವೆ ಮಾತ್ರ ಎರಡು ಮಹಡಿಗಳ ಮಧ್ಯೆ ಸಿಕ್ಕಿಕೊಂಡವನಂತೆ ನಿಂತಿದ್ದ. “ಅಕ್ಕ ಹೇಳೋದೂ...” ಎಂದು ಶುರುಮಾಡಿ, ಹೆಂಡತಿಯ ಹುಬ್ಬು ಊದುತ್ತಿರುವುದನ್ನು ಕಂಡು, ಮಾತನ್ನು ನುಂಗಿಕೊಂಡ.

ಈ ಅತ್ತೆಯನ್ನು ಬೀದಿಯವರೆಲ್ಲ ಎಕ್ಸ್‌ಚೇಂಜಮ್ಮ ಎನ್ನುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಬೋರ್ಡಿನ ಮುಂದೆ, ಮೂವತ್ತೊಂದು ವರ್ಷದ ದುಡಿಮೆ. ಆಗ ಊರಿನಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ಬೋರ್ಡಿನ ಮೇಲೆ ಪುಟ್ಟ ದೀಪ ಹತ್ತುತ್ತಿತ್ತು. ಆಕೆ “ನಂಬರ್ ಪ್ಲೀಸ್” ಎಂದು ಕೇಳಿ, ತಂತಿಯನ್ನು ಎಳೆದು ಸರಿಯಾದ ತೂತಿಗೆ ಚುಚ್ಚಿ, ಇಬ್ಬರನ್ನು ಕೂಡಿಸಬೇಕು. ಒಂಬೈನೂರು ನಂಬರುಗಳು ಆಕೆಗೆ ಬಾಯಿಪಾಠ. ಮುಖಗಳಿಗಿಂತ ಧ್ವನಿಗಳೇ ಹೆಚ್ಚು ಪರಿಚಯ. ಮೂರು ವರ್ಷದ ಹಿಂದೆ ಅಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆ ಹಿಡಿದಾಗ ಇವತ್ತು ಯಾವ ವಾರ ಎಂಬುದು ಹೋಯಿತು, ಪಕ್ಕದ ಮನೆಯವರ ಹೆಸರು ಹೋಯಿತು, ಉಂಡದ್ದು ಉಣ್ಣದ್ದರ ನೆನಪು ಹೋಯಿತು. ನಂಬರುಗಳು ಮಾತ್ರ ಉಳಿದಿದ್ದವು. ಮಂಚದ ಪಕ್ಕದ ಲ್ಯಾಂಡ್‌ಲೈನ್ ಫೋನನ್ನು ತೆಗೆಸಲು ಹೊರಟಾಗ ಮಗುವಿನಂತೆ ಹಠ ಹಿಡಿದು ಉಳಿಸಿಕೊಂಡಿದ್ದರು.

ಉಳಿದ ನಂಬರುಗಳಲ್ಲಿ ಒಂದು, ಎರಡು ಏಳು ಒಂಬತ್ತು. ಅದು ಅನಾಥ ಹೆಣ್ಣುಮಕ್ಕಳ ಹಾಸ್ಟೆಲಿನ ನಂಬರು. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಅಲ್ಲಿ ಸಂಜೆ ಹೊತ್ತು ವಾರ್ಡನ್ ಕೋಣೆಯ ಧೂಳು ಹೊಡೆಯುವಾಗ ಕದ್ದು ರಿಸೀವರ್ ಎತ್ತುತ್ತಿದ್ದಳು. ಕರೆಯಲು ಅವಳಿಗೆ ಈ ಲೋಕದಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಆಪರೇಟರನ್ನೇ “ಟೈಮೆಷ್ಟು?” ಎಂದು ಕೇಳುತ್ತಿದ್ದಳು. ಗೋಡೆ ಗಡಿಯಾರ ತಲೆಯ ಮೇಲೇ ಇತ್ತು, ಅದು ಬೇರೆ ಮಾತು. ಒಂದು ದಿನ ಆಪರೇಟರ್ ಟೈಮು ಹೇಳಿ, “ಊಟ ಆಯ್ತಾ?” ಎಂದರು. ಇನ್ನೊಂದು ದಿನ, “ಯಾಕೆ ಮೂಗು ಕಟ್ಟಿದೆ, ಅಳ್ತಿದ್ಯಾ?” ಎಂದರು. ಆಮೇಲೆ ಏಳು ವರ್ಷ ಸಂಜೆ ಆರೂಕಾಲಿಗೆ ಆ ದೀಪ ಹತ್ತದ ದಿನವಿರಲಿಲ್ಲ. ಹುಡುಗಿ ದೊಡ್ಡವಳಾಗಿ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆಪರೇಟರ್ ಒಮ್ಮೆ ಖುದ್ದಾಗಿ ಬಂದು, “ನಿನ್ನ ಧ್ವನಿನ ಯಾವತ್ತೋ ನಮ್ಮನೆಗೆ ಅಂತ ಗೊತ್ತು ಮಾಡಿಟ್ಟಿದೀನಿ, ಮುಖ ಈಗ ನೋಡ್ತಿದೀನಿ” ಎಂದು ಮಗನಿಗೆ ತಂದುಕೊಂಡರು. ಟೈಮಮ್ಮ ಎಂಬ ಅಡ್ಡಹೆಸರು ಹುಟ್ಟಿದ್ದು ಹಾಗೆ. ಈಗ ಹೇಳಿ, ಅಂಥ ಅತ್ತೆಯನ್ನು ಬೀಗದ ಮಹಡಿಗೆ ಕಳಿಸು ಎಂದರೆ ಅವಳ ಜೀವ ಹೇಗೆ ಒಪ್ಪೀತು?

ಗುರುವಾರವಿಡೀ ಎಕ್ಸ್‌ಚೇಂಜಮ್ಮ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಗೋಡೆಯ ಮೇಲೆ ಯಾರೋ ಹರಿದಾಡುತ್ತಿದ್ದಾರೆ ಎಂದರು. ಸೊಸೆ ಹತ್ತಿರ ಹೋದರೆ ಕಿರುಚಿದರು. ಸಂಜೆ ಹಾಸಿಗೆ ಬದಲಿಸುವಾಗ ಗಾಢ ಬಣ್ಣದ ಶೀಟುಗಳೆಲ್ಲ ಇನ್ನೂ ಒದ್ದೆಯಾಗಿದ್ದವು. ಹಾಸಿಗೆ ಒದ್ದೆಯಾಗುವುದು ಅತ್ತೆಯ ಕಣ್ಣಿಗೆ ಕಾಣದಿರಲಿ ಎಂದು ಸೊಸೆ ಅವರಿಗೆ ಯಾವಾಗಲೂ ಹೂಬಿಟ್ಟ ಕಡುನೀಲಿ ಶೀಟನ್ನೇ ಹಾಸುತ್ತಿದ್ದಳು. ಅವತ್ತು ಬೇರೆ ದಾರಿಯಿಲ್ಲದೆ ಬಿಳಿಯದನ್ನು ಹಾಸಿದಳು.

ಶುಕ್ರವಾರ ಬೆಳಿಗ್ಗೆ ಆ ಬಿಳಿ ಶೀಟು ಅವಳನ್ನು ಹಿಡಿದು ನಿಲ್ಲಿಸಿತು.

ಅವಳ ಲಾಂಡ್ರಿ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿ. ಗಂಟು ಬಿಚ್ಚಿ, ಬಟ್ಟೆಗಳನ್ನು ಬೇರೆ ಬೇರೆ ಮಾಡುವ ಮೇಜಿನಲ್ಲಿ ಹದಿನಾರು ವರ್ಷ ನಿಂತವಳು. ಚೀಟಿ ಬಿದ್ದುಹೋದ ಗಂಟು ಬಂದರೆ ಮಿಕ್ಕವರು ಅವಳನ್ನೇ ಕರೆಯುತ್ತಿದ್ದರು. ಕಲೆ ನೋಡಿ, ಒಂದು ಸಲ ಮೂಸಿ, ಇದು ಹೆರಿಗೆ ವಾರ್ಡು, ಇದು ಮೂಳೆ ವಾರ್ಡು ಎಂದು ಹೇಳಿಬಿಡುತ್ತಿದ್ದಳು. ಮನೆಯಲ್ಲಿ ಮಾತ್ರ ಆ ಮೂಗು ಕೆಲಸ ಮಾಡಿರಲಿಲ್ಲ. ಎದ್ದ ಗಡಿಬಿಡಿಯಲ್ಲಿ ಕಡುನೀಲಿ ಶೀಟನ್ನು ಎಳೆದು ನೇರವಾಗಿ ಸೋಪುನೀರಿನ ಬಕೆಟ್ಟಿಗೆ ತುಂಬಿ ಲಾಂಡ್ರಿಗೆ ಓಡುವವಳು ಮೂಸುವುದೆಲ್ಲಿ ಬಂತು? ಈಗ ಬಿಳಿಯ ಮೇಲೆ ಕಂದು ಬಣ್ಣದ ಕಲೆ, ಅದರ ಅಂಚಿಗೆ ನಸುಗೆಂಪಿನ ಗೆರೆ. ಅವಳು ಬಗ್ಗಿ ಮೂಸಿದಳು.

“ರೀ... ಬೇಗ ಬನ್ನಿ ಇಲ್ಲಿ. ಇದು ಕಿಡ್ನಿ ವಾರ್ಡಿನ ಶೀಟು ಕಣ್ರೀ.”

“ಎಲ್ಲಿ ವಾರ್ಡು? ಇದು ನಮ್ಮನೆ,” ಎಂದ ಗಂಡ, ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ.

“ಅದೇ ನಾನು ಹೇಳ್ತಿರೋದು. ಆ ವಾರ್ಡಿನ ವಾಸನೆ ನಮ್ಮನೇಲಿ ಯಾಕೆ ಬಂತು? ಅತ್ತೆಗೆ ಒಳಗೆ ಸೋಂಕಾಗಿದೆ. ಮರೆವು ಒಂದೇ ಅಲ್ಲ ಇದು.”

ಹೆಡ್‌ಮೇಡಂ ಒಳಗೆ ಬಂದವರೇ ಮೂಗು ಮುರಿದರು. “ಹಣೆ ಮುಟ್ಟಿ ನೋಡು. ಬಿಸಿನೇ ಇಲ್ಲ. ಜ್ವರ ಇಲ್ಲದೆ ಸೋಂಕು ಎಲ್ಲಿಂದ? ಇದನ್ನೆಲ್ಲ ಹೇಳೋಕೆ ಡಾಕ್ಟರಿದಾರೆ, ಲಾಂಡ್ರಿಯಲ್ಲ.”

“ಹಾಗಾದ್ರೆ ಡಾಕ್ಟರನ್ನೇ ಕೇಳ್ಕೊಂಡು ಬರ್ತೀನಿ,” ಎಂದು ಸೊಸೆ ಆ ಶೀಟನ್ನೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಕಾಲಿಗೆ ಬುದ್ಧಿ ಹೇಳಿದಳು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ನಾದಿನಿಗೆ ಅವಳು ಎದುರು ಮಾತಾಡಿದ್ದು ಅದೇ ಮೊದಲು. ಬೀದಿಯ ತಿರುವಿಗೆ ಹೋಗುವ ಹೊತ್ತಿಗೆ ಅದು ಅವಳಿಗೇ ಹೊಳೆದು, ಕಾಲು ಇನ್ನೂ ಜೋರಾಯಿತು.

ಮೂರು ಬೀದಿ ಆಚೆಯ ಕ್ಲಿನಿಕ್ಕಿನ ಡಾಕ್ಟರಮ್ಮ ಚೀಲದಲ್ಲಿ ಇಣುಕಿ, ಅವಳನ್ನೊಮ್ಮೆ ನೋಡಿದರು. ನಗಲಿಲ್ಲ. “ನಿಮ್ಮ ಅನುಮಾನ ಸರಿ ಇರಬಹುದು. ಆದರೆ ಬೆಡ್‌ಶೀಟ್ ನೋಡಿ ನಾನು ಔಷಧಿ ಬರೆಯೋಕಾಗಲ್ಲಮ್ಮ. ಈ ಡಬ್ಬೀಲಿ ಮೂತ್ರ ತನ್ನಿ. ಮಧ್ಯಾಹ್ನ ಒಂದು ಹೊಡೆಯೋದರೊಳಗೆ ತನ್ನಿ, ಆಮೇಲೆ ನಾನು ಸೋಮವಾರವೇ ಸಿಗೋದು.”

ಸೋಮವಾರ! ಗಾಡಿ ನಾಳೆ ಬರುತ್ತದೆ. ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದು ಮನೆಗೆ ಓಡಿ ಬಂದಾಗ ಗಂಟೆ ಹತ್ತೂವರೆ.

ಹೇಳುವುದು ಸುಲಭ, ಡಬ್ಬಿ ತುಂಬಿಸುವುದು ಯಾರು? ಎಕ್ಸ್‌ಚೇಂಜಮ್ಮ ಕುರ್ಚಿ ಬಿಡರು. ಮಗ ರಮಿಸಿದ, ಮಗಳು ಗದರಿದರು, ಇಬ್ಬರೂ ಸೇರಿ ತೋಳು ಹಿಡಿದು ಎಬ್ಬಿಸಹೋದಾಗ ಮುದುಕಿ ಮಗನ ಮಣಿಕಟ್ಟನ್ನು ಕಚ್ಚಿಬಿಟ್ಟರು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. “ಹಿಂಸೆ ಕೊಡಬೇಡಿ ಅವಳಿಗೆ, ಸಾಕು ಬಿಡಿ,” ಎಂದು ಹೆಡ್‌ಮೇಡಂ ಮುಖ ತಿರುಗಿಸಿ ನಿಂತರು. ಗಂಡ ಕಚ್ಚಿಸಿಕೊಂಡ ಕೈಯನ್ನು ನಲ್ಲಿಯ ಕೆಳಗೆ ಹಿಡಿದುಕೊಂಡ.

ಸೊಸೆ ಬಾಗಿಲಲ್ಲಿ ಕುಸಿದು ಕೂತು ಅತ್ತೆಯನ್ನೇ ನೋಡಿದಳು. ಕೈಗಳು ಗಾಳಿಯಲ್ಲಿ ಓಡಾಡುತ್ತಿದ್ದವು. ಏನನ್ನೋ ಎಳೆದು ಎಲ್ಲಿಗೋ ಚುಚ್ಚುತ್ತಿದ್ದವು. ತುಟಿ ಅಲುಗುತ್ತಿತ್ತು... ಕೆಳಗೆ ಎರಡು ಮಂಡಿಗಳೂ ಒಂದಕ್ಕೊಂದು ಬಿಗಿದಿದ್ದವು, ಹಿಮ್ಮಡಿ ನೆಲವನ್ನು ಒತ್ತುತ್ತಿತ್ತು. ಮೂತ್ರ ಕಟ್ಟಿಕೊಂಡವರು ಕೂರುವ ರೀತಿ ಅದು. ಹಿಂದೆ ಅತ್ತೆಯೇ ನಗುತ್ತ ಹೇಳಿದ್ದರು: ಬೋರ್ಡಿನ ಮುಂದೆ ಕೂತರೆ ಮುಂದಿನ ಪಾಳಿಯ ರಿಲೀವರ್ ಬಂದು ಹೆಗಲು ಮುಟ್ಟುವವರೆಗೂ ಏಳುವ ಹಾಗಿರಲಿಲ್ಲ, ಎಂಟು ಗಂಟೆ ಕಟ್ಟಿಕೊಂಡು ಕೂತ ದಿನಗಳೂ ಇವೆ ಕಣೇ, ಎಂದು.

ಅಯ್ಯೋ, ಇವರು ಈಗ ಡ್ಯೂಟಿಯಲ್ಲಿದ್ದಾರೆ!

ಅವಳು ಎದ್ದು ಸೆರಗು ಸರಿಮಾಡಿಕೊಂಡಳು. ನಾಲ್ಕು ಹೆಜ್ಜೆ ಗಟ್ಟಿಯಾಗಿ ಸದ್ದು ಮಾಡುತ್ತ ನಡೆದು ಬಂದು, ಹಿಂದಿನಿಂದ ಅತ್ತೆಯ ಹೆಗಲನ್ನು ಎರಡು ಬೆರಳಿನಿಂದ ಮುಟ್ಟಿದಳು.

“ಮೇಡಂ, ರಿಲೀವರ್ ಬಂದಿದೀನಿ. ಬೋರ್ಡು ನಾನು ನೋಡ್ಕೋತೀನಿ. ನೀವು ಹೋಗಿ ಬನ್ನಿ.”

ಗಾಳಿಯಲ್ಲಿದ್ದ ಕೈ ನಿಂತಿತು. ಎಕ್ಸ್‌ಚೇಂಜಮ್ಮ ಕತ್ತು ತಿರುಗಿಸಿ, ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ಯೇ?” ಎಂದರು. ಬೈಗುಳವಾದರೂ ಸೊಸೆಯ ಹೊಟ್ಟೆಗೆ ಹಾಲು ಹುಯ್ದಂತಾಯಿತು. “ನಾಲ್ಕು ನಾಲ್ಕು ಎರಡು ಬಿಜಿ ಇದೆ. ಡಿಪೋದವರು ಕಾಯ್ತಿದಾರೆ. ನೋಡ್ಕೋ.” ಕುರ್ಚಿಯ ಕೈ ಹಿಡಿದು ಎದ್ದು, ಬಚ್ಚಲಿನ ಕಡೆ ಹೊರಟೇಬಿಟ್ಟರು. ಡಬ್ಬಿ ಹಿಡಿದು ಸೊಸೆ ಹಿಂದೆಯೇ ಹೋದಳು. ಕದ ಮುಚ್ಚಿದ ಮೇಲೆ ಒಳಗಿನಿಂದ ನೋವಿನ ನರಳಾಟ ಕೇಳಿತು.

ಒಂದಕ್ಕೆ ಹತ್ತು ನಿಮಿಷ ಇರುವಾಗ ಡಬ್ಬಿ ಡಾಕ್ಟರಮ್ಮನ ಮೇಜಿನ ಮೇಲಿತ್ತು. ಅವರು ಪಟ್ಟಿಯೊಂದನ್ನು ಅದ್ದಿ ಎತ್ತಿದರು. ಅದರ ಚೌಕಗಳು ಬಣ್ಣ ಬದಲಿಸುವುದನ್ನು ನೋಡಿ, ಡಬ್ಬಿಯನ್ನು ಲ್ಯಾಬಿಗೆ ಕಳಿಸಲು ಹೇಳಿ, ಚೀಲ ಎತ್ತಿಕೊಂಡು, “ನಡೀರಿ, ನಿಮ್ಮ ಮನೆಗೇ ಬರ್ತೀನಿ,” ಎಂದರು.

ಅತ್ತೆಯ ನಾಡಿ, ಎದೆ, ಹೊಟ್ಟೆ ಎಲ್ಲ ನೋಡಿ ಆದಮೇಲೆ ಅವರು ನಡುಮನೆಯಲ್ಲಿ ಕೂತು ಹೇಳಿದರು. “ಮೂತ್ರದ ಸೋಂಕು, ಚೆನ್ನಾಗಿ ಬಲಿತಿದೆ. ವಯಸ್ಸಾದವರಿಗೆ ಜ್ವರ ಬಾರದೆಯೂ ಇದು ಬರುತ್ತೆ. ಮೊದಲು ಕೆಡೋದು ತಲೆ. ಹಳೇ ಕಾಲದವರು ಸನ್ನಿ ಅಂತಿದ್ರಲ್ಲ, ಅದು.”

“ಅಂದ್ರೆ ಅಲ್ಝೈಮರ್ಸ್ ಅಲ್ವಾ?” ಹೆಡ್‌ಮೇಡಂ ಪಾಟೀ ಸವಾಲಿಗೆ ನಿಂತವರಂತೆ ಕೇಳಿದರು.

“ಅದು ಇದ್ದೇ ಇದೆ. ಅದರ ಮೇಲೆ ಇದು. ಮೆದುಳಲ್ಲಿ ಕಾವಲು ಕಾಯೋ ಜೀವಕೋಶಗಳು ಇರ್ತವೆ. ಮರೆವಿನ ಕಾಯಿಲೆ ಇರೋರಲ್ಲಿ ಅವು ಮೊದಲೇ ಸಿಡಿಮಿಡಿ ಅಂತಿರ್ತವೆ. ಮೈಯಲ್ಲಿ ಎಲ್ಲಾದ್ರೂ ಸೋಂಕಾದ್ರೆ ಅಲ್ಲಿಗೂ ಸುದ್ದಿ ಮುಟ್ಟಿ ಇನ್ನಷ್ಟು ಕೆರಳ್ತವೆ. ಆಗ ವರ್ಷದಲ್ಲಿ ಆಗೋ ಹಾಳು ವಾರದಲ್ಲಿ ಆದ ಹಾಗೆ ಕಾಣುತ್ತೆ. ಸೋಂಕು ಇಳಿದರೆ ಒಂದಿಷ್ಟು ವಾಪಸ್ ಬರುತ್ತೆ. ಎಷ್ಟು ಅಂತ ನಾನು ಮಾತು ಕೊಡಲಾರೆ. ಇಂಥ ಒಂದೊಂದು ಸೋಂಕೂ ಕಾಯಿಲೇನ ಒಂದೊಂದು ಮೆಟ್ಟಿಲು ಕೆಳಕ್ಕೆ ತಳ್ಳಬಹುದು ಅಂತ ಸಂಶೋಧನೆ ಮಾಡೋರು ಹೇಳ್ತಾರೆ. ಪೂರ್ತಿ ಅವರಿಗೂ ಗೊತ್ತಾಗಿಲ್ಲ, ಇನ್ನೂ ಹುಡುಕ್ತಿದಾರೆ. ಆದ್ದರಿಂದ ಮತ್ತೆ ಆಗದ ಹಾಗೆ ನೋಡ್ಕೋಬೇಕು. ಐದು ದಿನ ಮಾತ್ರೆ. ಈಗ ಜಾಗ ಬದಲಿಸಬೇಡಿ, ಸನ್ನಿ ಹೆಚ್ಚಾಗುತ್ತೆ.” ಬರೆಯುತ್ತ ಬರೆಯುತ್ತ ತಲೆಯೆತ್ತಿ, “ದಿನಕ್ಕೆ ಎಷ್ಟು ನೀರು ಕುಡಿತಾರೆ?” ಎಂದರು.

ಸೊಸೆ ಅಡಿಗೆಮನೆಯ ಕಡೆ ನೋಡಿದಳು. ಅಲ್ಲಿ ಗೋಡೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಅವಳೇ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ ಹಾಳೆ ಇತ್ತು: ನಾಲ್ಕು ಗಂಟೆಯ ಮೇಲೆ ಅತ್ತೆಗೆ ನೀರು ಇಲ್ಲ. ಎರಡು ತಿಂಗಳ ಹಿಂದೆ ಮೊದಲ ಸಲ ಹಾಸಿಗೆ ಒದ್ದೆಯಾದ ಬೆಳಿಗ್ಗೆ, ಆ ಮಾನವಂತೆ ಒದ್ದೆ ಶೀಟನ್ನು ಬೀರುವಿನ ಹಿಂದೆ ಬಚ್ಚಿಟ್ಟು, ಮೂಲೆಯಲ್ಲಿ ನಿಂತು ಅತ್ತಿದ್ದರು. ಆ ಅಳು ನೋಡಲಾಗದೆ ಅವಳು ಮಾಡಿದ ಉಪಾಯ ಅದು. ಅತ್ತೆ ಬಾಯಾರಿಕೆ ಎಂದು ಕೇಳಿದಾಗಲೂ ಬೆಳಿಗ್ಗೆ ಕೊಡ್ತೀನಿ ಎಂದು ರಮಿಸಿದ್ದಳು... ಎಷ್ಟು ಸಂಜೆ ರಮಿಸಿದ್ದಳು! ಒಬ್ಬರು ಕಟ್ಟಿಕೊಂಡು ಕೂತು ರೂಢಿಯಾದವರು, ಇನ್ನೊಬ್ಬಳು ಕಲೆ ಕಂಡರೆ ತೊಳೆಯುವುದು ಮಾತ್ರ ಗೊತ್ತಿದ್ದವಳು. ಇಬ್ಬರೂ ಸೇರಿ ಮನೆಯೊಳಗೆ ಸೋಂಕು ಸಾಕಿದ್ದರು.

“ನಾನೇ ಕೊಡ್ತಿರಲಿಲ್ಲ ಡಾಕ್ಟ್ರೇ,” ಎಂದಳು. “ನಾಲ್ಕು ಗಂಟೆ ಆದ್ಮೇಲೆ ಒಂದು ತೊಟ್ಟೂ ಕೊಡ್ತಿರಲಿಲ್ಲ.”

“ಅದೊಂದರಿಂದಲೇ ಆಯ್ತು ಅಂತ ಹೇಳೋಕಾಗಲ್ಲ. ಆದರೆ ಇವತ್ತಿಂದ ಆ ನಿಯಮ ಬೇಡ,” ಎಂದು ಡಾಕ್ಟರಮ್ಮ ಮೆತ್ತಗೆ ಹೇಳಿ ಎದ್ದು ಹೋದರು.

ಅವರ ಬೆನ್ನು ಮರೆಯಾಗುವುದನ್ನೇ ಹೆಡ್‌ಮೇಡಂ ಕಾಯುತ್ತಿದ್ದರು. “ನೀನೇ ಹಾಕಿದ ಬೆಂಕಿ, ನೀನೇ ನೀರು ತರೋಕೆ ಓಡಿದ್ದು. ಊರಿಗೆಲ್ಲ ದೊಡ್ಡ ಸೇವೆ ಮಾಡೋ ಸೊಸೆ ಅನ್ನಿಸ್ಕೊಂಡು, ನಮ್ಮಮ್ಮನ ಬಾಯಿ ಒಣಗಿಸಿದ್ಯಲ್ಲೇ...”

“ಬೈರಿ ಅತ್ತಿಗೆ. ಏನು ಬೇಕಾದ್ರೂ ಬೈರಿ. ಗಾಡಿ ಮಾತ್ರ ನಿಲ್ಲಿಸಿ.”

ಆಗ ಲಿಫ್ಟಿನವನು ಬಾಯಿ ಬಿಟ್ಟ. ಕಚ್ಚಿದ ಕೈಗೆ ಕರ್ಚೀಫು ಸುತ್ತಿಕೊಂಡಿದ್ದ. “ಅಕ್ಕ, ಆ ಹಾಳೆ ನಾನೂ ದಿನಾ ನೋಡಿದೀನಿ. ನೀನೂ ಬಂದಾಗಲೆಲ್ಲ ನೋಡಿದೀಯ. ಒಬ್ಬರೂ ಕೇಳಲಿಲ್ಲ. ಡಾಕ್ಟರು ಬೇಡ ಅಂದಮೇಲೆ ಅಮ್ಮ ಎಲ್ಲಿಗೂ ಹೋಗಲ್ಲ.”

ಹೆಡ್‌ಮೇಡಂ ಔಷಧಿ ಚೀಟಿಯನ್ನು ಉತ್ತರಪತ್ರಿಕೆ ತಿದ್ದುವವರಂತೆ ಮೂರು ಸಲ ಓದಿದರು. “ಬುಧವಾರ ಹನ್ನೊಂದಕ್ಕೆ ಬರೋಕೆ ಹೇಳ್ತೀನಿ. ಅಷ್ಟರಲ್ಲಿ ಅಮ್ಮ ನಮ್ಮಲ್ಲಿ ಒಬ್ಬರನ್ನಾದ್ರೂ ಗುರುತಿಸಿದ್ರೆ ಸರಿ. ಇಲ್ಲದಿದ್ರೆ ಕರ್ಕೊಂಡು ಹೋಗ್ತಾರೆ. ಆಮೇಲೆ ನಿಂದು ಒಂದು ಮಾತು ಬರಕೂಡದು.”

ಅವತ್ತು ಸಂಜೆ ನಾಲ್ಕು ಹೊಡೆಯುತ್ತಿದ್ದ ಹಾಗೆ ಸೊಸೆ ಕೆಂಪು ಶಾಯಿಯ ಹಾಳೆಯನ್ನು ಕಿತ್ತು ಚೂರುಚೂರು ಮಾಡಿದಳು. ಲೋಟ ತುಂಬ ನೀರು ತಂದು, “ಮೇಡಂ, ರಿಲೀವರ್. ನೀರು ಕುಡೀರಿ,” ಎಂದಳು. ಎಕ್ಸ್‌ಚೇಂಜಮ್ಮ ಎರಡೂ ಕೈಯಲ್ಲಿ ಲೋಟ ಹಿಡಿದು ಗಟಗಟ ಕುಡಿದು ಇನ್ನೊಂದು ಎಂದು ಕೈ ಚಾಚಿದಾಗ ಸೊಸೆಗೆ ದುಃಖ ಒತ್ತರಿಸಿ ಬಂತು... ಅಳುವುದಕ್ಕೆ ಪುರುಸೊತ್ತು ಎಲ್ಲಿ? ಎರಡು ಗಂಟೆಗೊಮ್ಮೆ ನೀರು, ಎರಡು ಗಂಟೆಗೊಮ್ಮೆ ಹೆಗಲು ಮುಟ್ಟಿ ಬಚ್ಚಲಿಗೆ, ಹೊತ್ತಿಗೆ ಸರಿಯಾಗಿ ಮಾತ್ರೆ. ಲಾಂಡ್ರಿಗೆ ರಜೆ ಹಾಕಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು.

ಶನಿವಾರ ಏನೂ ಇಲ್ಲ. ಭಾನುವಾರ ಗೋಡೆಯ ಮೇಲೆ ಹರಿದಾಡುವವರು ಹೊರಟುಹೋದರು. ಸೋಮವಾರ ಟವೆಲು ಕೊಟ್ಟರೆ ಮಡಚಿದರು, ಅಂಚು ಮಾತ್ರ ಕೂಡಲಿಲ್ಲ. “ಮಡಚಿದ್ರು ಕಣ್ರೀ, ಮಡಚಿದ್ರು,” ಎಂದು ಅವಳು ಆ ಸೊಟ್ಟ ಟವೆಲನ್ನು ಗಂಡನಿಗೆ ತೋರಿಸಲು ಬೀದಿಯವರೆಗೆ ಹಿಡಿದುಕೊಂಡು ಓಡಿದಳು. ನೆರೆಯವರು ಏನೆಂದುಕೊಂಡರೋ ಪಾಪ.

ಮಂಗಳವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದ ಹೆಡ್‌ಮೇಡಂ ಬಾಗಿಲಲ್ಲಿ ನಿಂತು, ಸೊಸೆ ನೀರು ಕುಡಿಸುವುದನ್ನು ಬಹಳ ಹೊತ್ತು ನೋಡಿದರು. ಮಾತಾಡಿದಾಗ ಆ ಧ್ವನಿಯಲ್ಲಿ ಶಾಲೆ ಇರಲಿಲ್ಲ.

“ಆರೂಕಾಲಿಗೆ ನೀನು ಫೋನ್ ಮಾಡ್ತಿದ್ಯಲ್ಲ, ಹಾಸ್ಟೆಲಿಂದ. ಆರು ಗಂಟೆಗೆ ನಾನೂ ಮಾಡ್ತಿದ್ದೆ. ಮನೆಯಿಂದ. ಒಂದು ಒಂದು ನಾಲ್ಕು ನಮ್ಮ ನಂಬರು. ಅಪ್ಪ ಇರಲಿಲ್ಲ, ತಮ್ಮ ಅಳ್ತಿದ್ದ, ‘ಅಮ್ಮಾ ಯಾವಾಗ ಬರ್ತೀಯ’ ಅಂತ ಕೇಳ್ತಿದ್ದೆ. ‘ಲೈನಲ್ಲಿರು ಗುಬ್ಬೀ, ಬಂದೆ’ ಅನ್ನೋಳು. ಇರ್ತಿದ್ದೆ. ಆಮೇಲೆ ಅವಳು ಮರೆತೇಬಿಡೋಳು... ಕಿವೀಲಿ ಬರೀ ಗುಂಯ್ ಅನ್ನೋ ಸದ್ದು. ಆ ಹೊತ್ತಲ್ಲಿ ಅವಳು ಯಾರ ಜೊತೆ ಮಾತಾಡ್ತಿದ್ದಳು ಅಂತ ನೀನು ಈ ಮನೆಗೆ ಬಂದ ದಿನ ಗೊತ್ತಾಯ್ತು.”

ಸೊಸೆ ಲೋಟ ಕೆಳಗಿಟ್ಟಳು. ಈ ಇಪ್ಪತ್ತೆರಡು ವರ್ಷದ ಬಿಗುಮುಖ, ಚುಚ್ಚುಮಾತು, ಎಲ್ಲಕ್ಕೂ ಇದಾ ಮೂಲ? ತನಗೆ ಸಿಕ್ಕ ಒಂದೇ ಒಂದು ಪ್ರೀತಿಯನ್ನು ಯಾರ ಪಾಲಿನಿಂದ ತೆಗೆದು ಕೊಟ್ಟದ್ದೆಂದು ಅವಳು ಒಮ್ಮೆಯೂ ಕೇಳಿಕೊಂಡಿರಲಿಲ್ಲ. “ನನಗೆ ಗೊತ್ತಿರಲಿಲ್ಲ, ಅತ್ತಿಗೆ,” ಎಂದಳು. ಹೆಡ್‌ಮೇಡಂ ಕನ್ನಡಕ ತೆಗೆದು ಒರೆಸಿ, ಹೊರಟುಹೋದರು.

ಬುಧವಾರ ಹತ್ತು ಮುಕ್ಕಾಲಿಗೇ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಇಬ್ಬರು ಆರೈಕೆಯವರು ಇಳಿದು ಜಗಲಿಯಲ್ಲಿ ಕಾದರು. ಒಳಗೆ ಮೂವರೂ ಅತ್ತೆಯ ಸುತ್ತ ನಿಂತಿದ್ದರು. ಎಕ್ಸ್‌ಚೇಂಜಮ್ಮ ಸ್ನಾನ ಮುಗಿಸಿ, ತಲೆ ಬಾಚಿಸಿಕೊಂಡು, ಕುರ್ಚಿಯಲ್ಲಿ ಶಾಂತವಾಗಿ ಕೂತಿದ್ದರು. ಮಗನನ್ನು ನೋಡಿ, “ಲೈನ್‌ಮ್ಯಾನಾ? ಕಂಬ ರಿಪೇರಿ ಆಯ್ತಾ?” ಎಂದರು. ಅವನು ತಲೆ ತಗ್ಗಿಸಿದ. ಸೊಸೆ ಅತ್ತೆಯ ಮುಂದೆ ಮಂಡಿಯೂರಿದಳು. ಏನು ಕೇಳಬೇಕೆಂದು ಐದು ದಿನದಿಂದ ಯೋಚಿಸಿಟ್ಟದ್ದೆಲ್ಲ ಮರೆತು, ಬಾಯಿಗೆ ಬಂದದ್ದು ಒಂದೇ.

“ಟೈಮೆಷ್ಟು?”

ಅತ್ತೆ ಗೋಡೆಯ ಗಡಿಯಾರ ನೋಡಲಿಲ್ಲ. ಅವಳ ಊದಿದ ಹುಬ್ಬಿನ ಮೇಲೆ ಹೆಬ್ಬೆರಳಿಟ್ಟು ಸವರಿದರು. “ಎರಡು ಏಳು ಒಂಬತ್ತು,” ಎಂದರು ನಿಧಾನವಾಗಿ. “ಏನೇ ಟೈಮಮ್ಮ, ಊಟ ಆಯ್ತಾ? ಇದ್ಯಾರು ಹೊಡೆದದ್ದು ನಿನಗೆ?”

ಸೊಸೆಗೆ ನಗುವೂ ಅಳುವೂ ಒಟ್ಟಿಗೇ ಬಂದು, ಎರಡೂ ಬಿಡದೆ, ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿಬಿಟ್ಟಳು. ಗೆದ್ದಿದ್ದಳು! ಗಂಡ ಗೋಡೆ ಹಿಡಿದುಕೊಂಡು ಮುಖ ಒರೆಸಿಕೊಳ್ಳುತ್ತಿದ್ದ. ಆಗ ಎಕ್ಸ್‌ಚೇಂಜಮ್ಮ ತಲೆಯೆತ್ತಿ ಮಗಳನ್ನು ನೋಡಿದರು. ವಿನಯದಿಂದ ಸೊಸೆಯನ್ನು ಕೇಳಿದರು: “ಈ ಮೇಡಂ ಯಾರಮ್ಮ? ಎಷ್ಟು ಹೊತ್ತಿಂದ ನಿಂತಿದಾರೆ. ಕೂರೋಕೆ ಹೇಳು.”

ಈ ಸೋಂಕಿಗೆ ಮುಂಚೆ ಆಕೆಗೆ ಮಗಳ ಗುರುತಿತ್ತು. ಡಾಕ್ಟರಮ್ಮ ಹೇಳಿದ ಆ ಒಂದು ಮೆಟ್ಟಿಲು ಯಾವುದೆಂದು ಈಗ ಮೂವರಿಗೂ ಗೊತ್ತಾಯಿತು.

ಹೆಡ್‌ಮೇಡಂ ಸದ್ದಿಲ್ಲದೆ ತಮ್ಮ ಚೀಲ ತೆಗೆದುಕೊಂಡರು. “ಮಾತು ಅಂದ್ರೆ ಮಾತು. ಗುರುತಿಸಿದ್ಲು, ನಿನ್ನ. ಗಾಡಿಯವರಿಗೆ ಹೋಗಿ ಅಂತ ಹೇಳಿ ಹೊರಡ್ತೀನಿ,” ಎಂದು ಬಾಗಿಲ ಕಡೆ ತಿರುಗಿದರು. ಬೇರೆ ಯಾರಾದರೂ ಆಗಿದ್ದರೆ ಹೋಗಲಿ ಎಂದು ಬಿಡುತ್ತಿದ್ದರೇನೋ. ಸೊಸೆ ಎದ್ದು ಓಡಿಹೋಗಿ ಕೈ ಹಿಡಿದುಕೊಂಡಳು.

“ನನ್ನದು ಧ್ವನಿ, ಅತ್ತಿಗೆ. ಅವರಿಗೆ ನಾನು ಮೊದಲಿಂದ ಬರೀ ಧ್ವನಿ. ಮುಖ ಅಳಿಸಿಹೋಗಿರಬಹುದು, ಧ್ವನಿ ಹೋಗಿರಲ್ಲ. ಹೊರಗೆ ಹೋಗಿ ನಿಮ್ಮ ಮೊಬೈಲಿಂದ ಮನೆ ನಂಬರಿಗೆ ಮಾಡಿ.”

“ಏನಂತ ಮಾಡ್ಲಿ?”

“ಆರು ಗಂಟೆಗೆ ಮಾಡ್ತಿದ್ರಲ್ಲ, ಹಾಗೆ.”

ನಲವತ್ತಾರು ವರ್ಷದ ಮುಖ್ಯೋಪಾಧ್ಯಾಯಿನಿ ಜಗಲಿಯಲ್ಲಿ, ಗಾಡಿಯವರ ಎದುರಿಗೇ, ನಂಬರು ಒತ್ತಿದರು. ಒಳಗೆ ಲ್ಯಾಂಡ್‌ಲೈನ್ ಬಡಿದುಕೊಂಡಿತು. ಎಕ್ಸ್‌ಚೇಂಜಮ್ಮನ ಬೆನ್ನು ನೆಟ್ಟಗಾಯಿತು. ರಿಸೀವರ್ ಎತ್ತಿ ಕಿವಿಗಿಟ್ಟು, ಇಡೀ ಊರನ್ನು ಕೂಡಿಸಿದ ಅದೇ ಸ್ಪಷ್ಟ ಧ್ವನಿಯಲ್ಲಿ, “ನಂಬರ್ ಪ್ಲೀಸ್,” ಎಂದರು.

“ಒಂದು... ಒಂದು ನಾಲ್ಕು. ಮನೆಯಿಂದ...” ಕಿಟಕಿಯ ಆಚೆ ಧ್ವನಿ ಒಡೆಯಿತು. “ಅಮ್ಮಾ, ಯಾವಾಗ ಬರ್ತೀಯ?”

ಎಕ್ಸ್‌ಚೇಂಜಮ್ಮ ರಿಸೀವರನ್ನು ಕಿವಿಗೆ ಒತ್ತಿಕೊಂಡರು. ಹಣೆಯ ಗೆರೆಗಳು ಒಂದೊಂದಾಗಿ ಸಡಿಲವಾದವು.

“ಗುಬ್ಬೀ...” ಎಂದರು. “ಇನ್ನೂ ಲೈನಲ್ಲೇ ಇದ್ದೀಯೇನೇ, ಕಂದ?”

“ಇದ್ದೀನಮ್ಮ.”

“ಇಟ್ಟುಬಿಡು. ರಿಲೀವರ್ ಬಂದಿದಾಳೆ. ನಾನು ಮನೆಗೆ ಹೊರಟೆ.”

ರಿಸೀವರನ್ನು ಅದರ ಜಾಗದಲ್ಲಿಟ್ಟು, ಕೈ ಮಡಿಲಲ್ಲಿ ಇಟ್ಟುಕೊಂಡು, ಅವರು ಕಿಟಕಿಯ ಹೊರಗೆ ನೋಡುತ್ತ ಕೂತರು. ಮಗಳು ಒಳಗೆ ಓಡಿ ಬಂದಾಗ ಮತ್ತೆ ಅವರಿಗೆ ಆ ಮೇಡಂ ಯಾರೆಂದು ತಿಳಿಯಲಿಲ್ಲ. ಆದರೂ ತಬ್ಬಿಕೊಂಡದ್ದಕ್ಕೆ ಬೇಡವೆನ್ನಲಿಲ್ಲ. ಬಿಕ್ಕುತ್ತಿದ್ದ ಬೆನ್ನನ್ನು ಮೆಲ್ಲಗೆ ತಟ್ಟಿದರು. ಗಾಡಿ ಖಾಲಿಯಾಗಿ ಹೊರಟುಹೋದದ್ದು ಯಾರ ಗಮನಕ್ಕೂ ಬರಲಿಲ್ಲ.

ಆಮೇಲೆ ಹೆಡ್‌ಮೇಡಂ ದಿನಾ ಶಾಲೆ ಬಿಟ್ಟ ತಕ್ಷಣ ತಮ್ಮನ ಮನೆಗೆ ಬರತೊಡಗಿದರು. ಸೊಸೆ ಲಾಂಡ್ರಿಯಿಂದ ಬರುವುದು ಐದಕ್ಕೆ. ಅಡಿಗೆಮನೆಯ ಗೋಡೆಯಲ್ಲಿ ಹೊಸ ಹಾಳೆ ಬಂದಿತ್ತು, ಮುಖ್ಯೋಪಾಧ್ಯಾಯಿನಿಯ ದುಂಡಗಿನ ಅಕ್ಷರದಲ್ಲಿ: ನಾಲ್ಕು ಗಂಟೆಗೆ ಅಮ್ಮನಿಗೆ ನೀರು, ಗುಬ್ಬಿ ಕೊಡುವುದು.